ತಾರಸಿಯ ಸೊಪ್ಪು, ಸಂಜೆಯ ಬಿಡುವು

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣಿಲ್ಲದೆ ನೀರಿನಲ್ಲಿಯೇ ತರಕಾರಿ ಬೆಳೆಯುವ ವಿಧಾನವನ್ನೂ ಮನೆಬಳಕೆಯ ಸೌರಶಕ್ತಿಯನ್ನೂ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿದರು. ಉದಾಹರಣೆಗಳನ್ನು ನಮ್ಮ ಘಟ್ಟದ ಊರುಗಳಿಂದಲೇ ಆರಿಸಿಕೊಳ್ಳಬಹುದಿತ್ತು. ಆದರೆ ನಾನು ಬೇಕೆಂದೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಸಭೆಗಳಲ್ಲಿ ಕೋಲಾರದ ಹೆಸರು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ ಕೇಳಿಬರುತ್ತದೆ. ಅದು ಎತ್ತಿನಹೊಳೆಯ ಸಂದರ್ಭ. ಸಕಲೇಶಪುರದ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಎತ್ತಿ ಪೂರ್ವದ ಬರದ ಜಿಲ್ಲೆಗಳಿಗೆ ಒಯ್ಯುವುದು ಆ ಯೋಜನೆಯ ಲೆಕ್ಕ. ಅದರ ಮೊದಲ ಹಂತ 2024ರ ಸೆಪ್ಟೆಂಬರ್ ತಿಂಗಳಿನಲ್ಲಿ ಉದ್ಘಾಟನೆಗೊಂಡಿತು. ಆ ಯೋಜನೆಯ ಬಗ್ಗೆ ಈ ಸಭೆಯ ಅಭಿಪ್ರಾಯವೇನೆಂದು ನನಗೆ ಗೊತ್ತು. ನನ್ನ ಅಭಿಪ್ರಾಯವೂ ಬೇರೆಯಲ್ಲ. ಆದರೂ ನಮ್ಮ ನೀರು ಯಾವ ಮನೆಗಳ ಹೆಸರಿನಲ್ಲಿ ಹೊರಟಿದೆಯೋ ಆ ಮನೆಗಳ ಅಡುಗೆಮನೆಯನ್ನೂ ತಾರಸಿಯನ್ನೂ ಒಮ್ಮೆ ನೋಡದೆ ಮಾತನಾಡುವುದು ನ್ಯಾಯವಲ್ಲ ಎಂದು ನನಗೆ ಅನ್ನಿಸಿದೆ. ಆದ್ದರಿಂದ ಇಂದಿನ ಮಾತು ಒಂದು ಟಬ್ಬಿನ ಸೊಪ್ಪಿನ ಬಗ್ಗೆ, ಒಂದು ಸೌರಫಲಕದ ಬಗ್ಗೆ, ಅವೆರಡರ ನೀರು ಮತ್ತು ವಿದ್ಯುತ್ತಿನ ಲೆಕ್ಕದ ಬಗ್ಗೆ.

ಮೊದಲು ಆ ನೆಲದ ಪರಿಚಯ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಹೆಸರಿಗೆ ನದಿಯಾದರೂ ವರ್ಷದ ಬಹುಭಾಗ ಮರಳಿನ ಹಾಸು. ವಾರ್ಷಿಕ ಸರಾಸರಿ ಮಳೆ 700 ಮಿಲಿಮೀಟರಿಗೆ ತುಸು ಮೇಲೆ. ನಮ್ಮ ಪಶ್ಚಿಮದ ಅಂಚಿನ ಊರುಗಳಲ್ಲಿ ಅಷ್ಟು ಮಳೆ ಜುಲೈ ತಿಂಗಳೊಂದರಲ್ಲೇ ಸುರಿದು ಹೋಗುತ್ತದೆ. ಆ ಸ್ವಲ್ಪ ಮಳೆಯನ್ನು ಹಿಡಿದಿಡಲೆಂದೇ ಅಲ್ಲಿನ ಹಿಂದಿನವರು ಒಂದರ ಕೋಡಿಯ ನೀರು ಇನ್ನೊಂದಕ್ಕೆ ಇಳಿಯುವಂತೆ ಸಾಲು ಸಾಲು ಕೆರೆಗಳನ್ನು ಕಟ್ಟಿದ್ದರು. ಕೆರೆಗಳಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಮುಚ್ಚಿದವು, ಜನ ಕೊಳವೆಬಾವಿಗೆ ಇಳಿದರು. ಈಗ 1,200 ಅಡಿ, 1,500 ಅಡಿ ಕೊರೆಯುವುದು ಅಲ್ಲಿ ಸುದ್ದಿಯೇ ಅಲ್ಲ. ಆಳಕ್ಕೆ ಇಳಿದಷ್ಟೂ ಫ್ಲೋರೈಡಿನ ಕಾಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯನ್ನು ಮೀರಿದ ಕೊಳವೆಬಾವಿಗಳು ಆ ಸೀಮೆಯಲ್ಲಿ ಬೇಕಾದಷ್ಟಿವೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬೇಕು. ಒಂದು ಸಾವಿರ ಲೀಟರ್ ನೀರನ್ನು 1,200 ಅಡಿ, ಎಂದರೆ ಸುಮಾರು 366 ಮೀಟರ್ ಮೇಲಕ್ಕೆತ್ತಲು ಭೌತಶಾಸ್ತ್ರದ ಪ್ರಕಾರ ಒಂದು ಯೂನಿಟ್ ವಿದ್ಯುತ್ತು ಬೇಕು. ಪಂಪು, ಮೋಟಾರು, ಪೈಪುಗಳ ನಷ್ಟ ಕಳೆದು ನೂರಕ್ಕೆ ನಲವತ್ತು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ ಎಂದಿಟ್ಟುಕೊಂಡರೆ ಎರಡೂವರೆ ಯೂನಿಟ್. ಬೇರೆ ರೀತಿಯಲ್ಲಿ ಹೇಳುವುದಾದರೆ ಒಂದು ಯೂನಿಟ್ ವಿದ್ಯುತ್ತಿಗೆ 400 ಲೀಟರ್ ನೀರು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತವಾದ್ದರಿಂದ ಈ ಲೆಕ್ಕ ರೈತನ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಕಾಣದಿದ್ದರೂ ಅದನ್ನು ತೆರುವವರು ಎಲ್ಲೋ ಇದ್ದಾರೆ. ರಾಜ್ಯದ ಜಲವಿದ್ಯುತ್ತು ಶರಾವತಿ, ಕಾಳಿ, ವಾರಾಹಿಗಳಿಂದ ಬರುತ್ತದೆ ಎನ್ನುವುದನ್ನು ಮುಳುಗಡೆಯ ಊರುಗಳಿಂದ ಬಂದವರಿಗೆ ನಾನು ನೆನಪಿಸಬೇಕಾಗಿಲ್ಲ.

ಇಷ್ಟು ಕಷ್ಟದ ನೀರಿನಲ್ಲಿ ಆ ಜಿಲ್ಲೆ ದೇಶಕ್ಕೆಲ್ಲ ತರಕಾರಿ ಕೊಡುತ್ತಿದೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆ, ಕೋಲಾರದ ಎ.ಪಿ.ಎಂ.ಸಿ. ಟೊಮೆಟೊ ವಹಿವಾಟಿಗೆ ಹೆಸರಾಗಿವೆ. ಶ್ರೀನಿವಾಸಪುರವೆಂದರೆ ಮಾವು, ಮಾಲೂರೆಂದರೆ ಹೂವು. 2023ರ ಜುಲೈನಲ್ಲಿ 15 ಕಿಲೋ ಟೊಮೆಟೊದ ಬಾಕ್ಸ್ ಕೋಲಾರದಲ್ಲಿ 2,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆಯ ಬದಿಗೆ ಸುರಿಯುತ್ತಾರೆ. ಒಂದು ಕಿಲೋ ಟೊಮೆಟೊ ಬೆಳೆಯಲು ಮಳೆನೀರು, ನೀರಾವರಿ, ಮಾಲಿನ್ಯವನ್ನು ತಿಳಿಯಾಗಿಸಲು ಬೇಕಾಗುವ ನೀರು ಎಲ್ಲ ಸೇರಿ ಜಾಗತಿಕ ಸರಾಸರಿ 214 ಲೀಟರ್ ಎಂದು ಹೋಕ್ಸ್ಟ್ರಾ ಮತ್ತು ಮೆಕೊನೆನ್ ಅವರ ಜಲಹೆಜ್ಜೆಯ ಅಧ್ಯಯನ ಹೇಳುತ್ತದೆ. ಆ ಸರಾಸರಿಯನ್ನು ಹಿಡಿದರೆ ಒಂದು ಬಾಕ್ಸಿನೊಳಗೆ 3,200 ಲೀಟರ್ ನೀರು ಕುಳಿತಿದೆ. ಹನಿ ನೀರಾವರಿ ಮಾಡುವ ಕೋಲಾರದ ರೈತ ಇದಕ್ಕಿಂತ ಕಡಿಮೆಯಲ್ಲಿ ಬೆಳೆಯುತ್ತಿರಬಹುದು. ಅದಿರಲಿ, ಮಳೆಗಾಲದಲ್ಲಿ ನಮ್ಮ ಸಂತೆಗೆ ಬರುವ ಟೊಮೆಟೊ ಎಲ್ಲಿಂದ ಬರುತ್ತದೆಂದು ಯಾರಾದರೂ ವ್ಯಾಪಾರಿಯನ್ನು ಕೇಳಿದ್ದೀರಾ? ಆಷಾಢದಲ್ಲಿ ಘಟ್ಟದ ಹಿತ್ತಿಲಲ್ಲಿ ಕೆಸುವಿನೆಲೆ ಬಿಟ್ಟರೆ ಬೇರೆ ತರಕಾರಿ ನಿಲ್ಲುವುದಿಲ್ಲ. ನಮ್ಮ ಹೊಳೆ ಅತ್ತ ಹೋಗುವ ಮೊದಲೇ ಅವರ ಕೊಳವೆಬಾವಿಯ ನೀರು ಹಣ್ಣಿನ ರೂಪದಲ್ಲಿ ನಮ್ಮ ಸಾರಿಗೆ ಬಂದು ಬಿದ್ದಿರಬಹುದು.

ಆ ಸೀಮೆಯ ಊಟ ರಾಗಿಮುದ್ದೆ ಮತ್ತು ಸೊಪ್ಪಿನದು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಅಣ್ಣೆ, ಹೊನಗೊನೆ, ಗಣಿಕೆ, ಕನ್ನೆ ಮುಂತಾದ ಸೊಪ್ಪುಗಳನ್ನು ಬೆರೆಸಿ ಕೊಯ್ದು ತರುವುದಕ್ಕೆ ಬೆರಕೆ ಸೊಪ್ಪು ಎನ್ನುತ್ತಾರೆ. ಅದರ ಮಸ್ಸೊಪ್ಪಿಗೂ ಬಸ್ಸಾರಿಗೂ ಸಮನಾದ ಅಡುಗೆ ನನಗೆ ತಿಳಿದಿಲ್ಲ. ಹೊಲಗಳಿಗೆ ಕಳೆನಾಶಕ ಬಂದ ಮೇಲೆ, ಹೊಲಗಳೇ ನಿವೇಶನಗಳಾದ ಮೇಲೆ, ಈ ಸೊಪ್ಪು ದೂರವಾಗುತ್ತಾ ಬಂದಿದೆ. ಟೊಮೆಟೊ ಬೆಳೆಯುವ ಮನೆಯವರೇ ಪೇಟೆಯಿಂದ ಸೊಪ್ಪು ಕೊಂಡು ತರುವ ಸ್ಥಿತಿ ಇದೆ. ಮಣ್ಣಿಲ್ಲದ ಬೇಸಾಯಕ್ಕೆ ಅಲ್ಲಿ ಏನಾದರೂ ಅರ್ಥವಿದ್ದರೆ ಅದು ಈ ಸೊಪ್ಪಿನ ಜಾಗದಲ್ಲಿ ಇದೆ. ಟೊಮೆಟೊ ಮಂಡಿಗೆ ಪೈಪೋಟಿ ಕೊಡುವ ಜಾಗದಲ್ಲಿ ಅಲ್ಲ.

ಮಣ್ಣಿಲ್ಲದ ಬೇಸಾಯವೆಂದರೆ ಮಾಯಾಜಾಲವೇನೂ ಅಲ್ಲ. ಗಿಡಕ್ಕೆ ಬೇಕಾದದ್ದು ಮಣ್ಣಲ್ಲ, ಮಣ್ಣಿನ ಮೂಲಕ ಸಿಗುವ ಲವಣಗಳು, ನೀರು, ಗಾಳಿ ಮತ್ತು ಆಧಾರ ಎಂಬುದನ್ನು ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ಸಸ್ಯಶಾಸ್ತ್ರಜ್ಞರು 1860ರ ದಶಕದ ಹೊತ್ತಿಗೇ ಪ್ರಯೋಗದಿಂದ ತೋರಿಸಿದ್ದರು. ಅದನ್ನು ಪ್ರಯೋಗಶಾಲೆಯಿಂದ ಹೊರಗೆ ತಂದವರು ಕ್ಯಾಲಿಫೋರ್ನಿಯಾದ ಗೆರಿಕೆ. ‘ಹೈಡ್ರೋಪೋನಿಕ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು 1937ರಲ್ಲಿ, ಅವರಿಂದಲೇ. ನಮ್ಮ ದೇಶದಲ್ಲಿ ಈ ವಿದ್ಯೆ ಮೊದಲು ನೆಲೆ ಕಂಡದ್ದು ಬೆಟ್ಟದ ಸೀಮೆಯಲ್ಲಿ ಎಂಬುದು ನಿಮಗೆ ಕುತೂಹಲ ತರಬಹುದು. 1946ರಲ್ಲಿ ಶೋಲ್ಟೊ ಡಗ್ಲಾಸ್ ಎಂಬವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ಆರಂಭಿಸಿ, ಬಡವರ ಮನೆಗೂ ಎಟುಕುವಂತೆ ಜಲ್ಲಿ ಮತ್ತು ಕಲ್ಲುಪುಡಿಯಲ್ಲಿ ಗಿಡ ನಿಲ್ಲಿಸಿ ಒಣ ಗೊಬ್ಬರದ ಮಿಶ್ರಣ ಉದುರಿಸುವ ಒಂದು ಪದ್ಧತಿಯನ್ನು ರೂಪಿಸಿದರು. ಅದು ಬಂಗಾಳ ಪದ್ಧತಿ ಎಂದೇ ಹೆಸರಾಯಿತು. ಪಂಪಿಲ್ಲ, ಬೆಲೆಬಾಳುವ ಯಂತ್ರವಿಲ್ಲ. ಈಗಿನ ಜಾಹೀರಾತುಗಳಲ್ಲಿ ಕಾಣುವ ನೇರಳೆ ದೀಪದ, ಹವಾನಿಯಂತ್ರಿತ ಕೊಠಡಿಗಳನ್ನು ನೋಡಿದಾಗ ನಾನು ಆ ಹಳೆಯ ಪದ್ಧತಿಯನ್ನು ನೆನೆಸಿಕೊಳ್ಳುತ್ತೇನೆ.

ಆ ಕೊಠಡಿಗಳ ಬಗ್ಗೆ ಒಂದು ಅಂಕಿ ಕೊಡುತ್ತೇನೆ. ಅಮೆರಿಕದ ಅರಿಝೋನಾದ ಸಂಶೋಧಕರು 2015ರಲ್ಲಿ ಲೆಟ್ಯೂಸ್ ಸೊಪ್ಪನ್ನು ಹೊಲದಲ್ಲಿಯೂ ಹವಾನಿಯಂತ್ರಿತ ಜಲಕೃಷಿ ಮನೆಯಲ್ಲಿಯೂ ಬೆಳೆದರೆ ಏನಾಗುತ್ತದೆಂದು ಲೆಕ್ಕ ಹಾಕಿ ಪ್ರಕಟಿಸಿದರು. ಹೊಲದಲ್ಲಿ ಕಿಲೋಗೆ ಸುಮಾರು 250 ಲೀಟರ್ ನೀರು, ಜಲಕೃಷಿಯಲ್ಲಿ 20 ಲೀಟರ್. ಮಾರಾಟಗಾರರು ಇಲ್ಲಿಯವರೆಗೆ ಮಾತ್ರ ಓದುತ್ತಾರೆ. ಮುಂದಿನ ಸಾಲು ಶಕ್ತಿಯದು: ಹೊಲದಲ್ಲಿ ಕಿಲೋಗೆ 1,100 ಕಿಲೋಜೂಲ್, ಜಲಕೃಷಿಯಲ್ಲಿ 90,000 ಕಿಲೋಜೂಲ್. ನಮ್ಮ ಮೀಟರಿನ ಭಾಷೆಯಲ್ಲಿ ಒಂದು ಕಿಲೋ ಸೊಪ್ಪಿಗೆ 25 ಯೂನಿಟ್! ಅದರ ಬಹುಪಾಲು ಕೊಠಡಿಯನ್ನು ಬಿಸಿಯಾಗಿಡಲು ಮತ್ತು ತಂಪಾಗಿಡಲು. ಕೋಲಾರದ 1,200 ಅಡಿಯ ಬಾವಿಯಿಂದ 250 ಲೀಟರ್ ಎತ್ತಿ ಮಡಿಗೆ ಹಾಯಿಸಿದರೂ ಅರ್ಧ ಯೂನಿಟಿಗೆ ತುಸು ಮೇಲೆ ಖರ್ಚಾಗುತ್ತದೆ, ಅಷ್ಟೇ. ನೀರು ಉಳಿಸಿದೆವೆಂದು ಹೇಳುತ್ತಾ ವಿದ್ಯುತ್ತನ್ನು ಸುಟ್ಟರೆ, ಎಲ್ಲೋ ಒಂದು ಹೊಳೆಯನ್ನೋ ಕಲ್ಲಿದ್ದಲ ಗುಡ್ಡವನ್ನೋ ಸುಟ್ಟಂತೆಯೇ. ಆದ್ದರಿಂದ ನಾನು ಮುಂದೆ ಹೇಳುವುದೆಲ್ಲ ತೆರೆದ ತಾರಸಿಯ, ಬಿಸಿಲನ್ನೇ ನಂಬಿದ, ಸೊಪ್ಪಿಗೆ ಸೀಮಿತವಾದ ಬೇಸಾಯದ ಬಗ್ಗೆ.

ಐದು ಮಂದಿಯ ಮನೆ. ಒಬ್ಬರಿಗೆ ದಿನಕ್ಕೆ 50 ಗ್ರಾಂ ಸೊಪ್ಪು ಎಂದರೆ ದಿನಕ್ಕೆ ಕಾಲು ಕಿಲೋ, ತಿಂಗಳಿಗೆ ಏಳೂವರೆ ಕಿಲೋ. ದಂಟು, ಹರಿವೆ, ಪಾಲಕ್ ಜಾತಿಯ ಸೊಪ್ಪುಗಳು ಒಂದು ಚದರ ಮೀಟರ್‌ನಲ್ಲಿ ತಿಂಗಳಿಗೆ ಒಂದೂವರೆ ಕಿಲೋ ಕೊಟ್ಟರೂ ಐದು ಚದರ ಮೀಟರ್ ಜಾಗ ಸಾಕು. ಎರಡು ಮಂಚಗಳಷ್ಟು ಜಾಗ ಎನ್ನಿ. ಒಣಗಾಳಿಯ ಆ ಸೀಮೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರ್ ನೀರನ್ನು ಎಲೆಗಳು ಉಸಿರಿಗೆ ಬಿಡುತ್ತವೆ ಎಂದು ಹಿಡಿಯೋಣ. ದಿನಕ್ಕೆ 20 ಲೀಟರ್ ಆಯಿತು, ಕಿಲೋಗೆ 80 ಲೀಟರ್. ಅರಿಝೋನಾದ 20 ಲೀಟರಿನ ಲೆಕ್ಕ ತೆರೆದ ತಾರಸಿಯಲ್ಲಿ ಬರುವುದಿಲ್ಲ, ಏಪ್ರಿಲ್ ತಿಂಗಳಿನಲ್ಲಿ 80ನ್ನೂ ದಾಟುತ್ತದೆ. ಆದರೂ ಮಡಿಗೆ ಹಾಯಿಸುವುದರ ಮೂರನೆಯ ಒಂದು ಭಾಗ. ಗ್ರಾಮೀಣ ಮನೆಗಳಿಗೆ ತಲಾ 55 ಲೀಟರ್ ನೀರು ಕೊಡಬೇಕೆಂಬುದು ಜಲಜೀವನ ಮಿಷನ್ನಿನ ಅಳತೆ. ಐದು ಮಂದಿಗೆ 275 ಲೀಟರ್. ಸೊಪ್ಪಿನ ಟಬ್ಬುಗಳು ಅದರಲ್ಲಿ ನೂರಕ್ಕೆ ಏಳು ಪಾಲು ಕೇಳುತ್ತವೆ. ಇದು ದೊಡ್ಡದಲ್ಲ ಎನ್ನಬಹುದು. ನಲ್ಲಿಯಲ್ಲಿ ವಾರಕ್ಕೆ ಎರಡು ಸಲ ಮಾತ್ರ ನೀರು ಬರುವ ಬೀದಿಯಲ್ಲಿ ನಿಂತು ಹಾಗೆ ಹೇಳಲು ನನಗೆ ಧೈರ್ಯವಿಲ್ಲ.

ಹಾಗಾಗಿ ಮೊದಲನೆಯ ಷರತ್ತು ಮಳೆನೀರು. 50 ಚದರ ಮೀಟರಿನ ಚಾವಣಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದು ಐದನೆಯ ಒಂದು ಭಾಗ ವ್ಯರ್ಥವಾದರೂ 28,000 ಲೀಟರ್ ಸಿಗುತ್ತದೆ. ಸೊಪ್ಪಿಗೆ ವರ್ಷಕ್ಕೆ ಬೇಕಾದದ್ದು 7,300 ಲೀಟರ್. ಕೋಲಾರದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳುಗಳು. ಡಿಸೆಂಬರಿನಿಂದ ಏಪ್ರಿಲಿನವರೆಗಿನ 150 ದಿನ ಒಣದಿನಗಳು. 150 ದಿನಕ್ಕೆ 20 ಲೀಟರಿನಂತೆ 3,000 ಲೀಟರ್. ಅಷ್ಟು ಹಿಡಿಯುವ ಮುಚ್ಚಿದ ತೊಟ್ಟಿಯೊಂದಿದ್ದರೆ ಬೇಸಗೆ ದಾಟುತ್ತದೆ.

ಮಳೆನೀರೇ ಏಕೆ ಎಂದರೆ, ಉಳಿತಾಯದ ಜೊತೆಗೆ ಅದಕ್ಕೆ ಇನ್ನೊಂದು ಕಾರಣವೂ ಇದೆ. ಆಳದ ಕೊಳವೆಬಾವಿಯ ನೀರು ಗಡಸು. ಅದರ ಬೈಕಾರ್ಬೊನೇಟು ದ್ರಾವಣದ ರಸಸಾರವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಸೊಪ್ಪಿಗೆ 5.5ರಿಂದ 6.5ರ ನಡುವೆ ಇರಬೇಕಾದ ರಸಸಾರ ಏಳೂವರೆ ದಾಟಿದರೆ ಕಬ್ಬಿಣ ನೀರಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಚಿಗುರೆಲೆ ಹಳದಿಯಾಗುತ್ತದೆ. ಗಿಡ ನೀರನ್ನು ಕುಡಿದು ತನಗೆ ಬೇಡದ ಸೋಡಿಯಂ, ಕ್ಲೋರೈಡು, ಫ್ಲೋರೈಡುಗಳ ಬಹುಪಾಲನ್ನು ಟಬ್ಬಿನಲ್ಲಿಯೇ ಬಿಡುತ್ತದೆ. ನಾವು ಮೇಲಿನಿಂದ ಅದೇ ಉಪ್ಪುನೀರನ್ನು ತುಂಬುತ್ತಾ ಹೋದರೆ ಕೆಲವು ವಾರಗಳಲ್ಲಿ ಅದು ಸಣ್ಣ ಲವಣಸಾಗರವಾಗುತ್ತದೆ. ಮಣ್ಣಿನಲ್ಲಿ ಮಳೆ ಬಂದು ತೊಳೆಯುತ್ತದೆ, ಟಬ್ಬಿನಲ್ಲಿ ತೊಳೆಯುವವರು ಯಾರೂ ಇಲ್ಲ. ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು, ಮರುತಿಂಗಳೇ ಅಲ್ಲಿ ನೊರೆ ಕಂಡು ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅಂತರ್ಜಲಕ್ಕೆ ಅದರಿಂದಾದ ಲಾಭನಷ್ಟ ಪ್ರತ್ಯೇಕ ಉಪನ್ಯಾಸಕ್ಕೆ ಸಾಕಾಗುವ ವಿಷಯ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಅಂತಹ ಕೆರೆಯ ನೀರನ್ನು ನೇರವಾಗಿ ಸೊಪ್ಪಿನ ಟಬ್ಬಿಗೆ ಹಾಕಕೂಡದು. ಭಾರಲೋಹಗಳೇನಾದರೂ ಇದ್ದರೆ ಅವುಗಳನ್ನು ಹೀರಿ ಎಲೆಯಲ್ಲಿ ಕೂಡಿಡುವುದರಲ್ಲಿ ಸೊಪ್ಪಿನ ಗಿಡಗಳು ಮುಂದು.

ಇನ್ನು ವಿಧಾನ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪ್ರಚಾರಕ್ಕೆ ತಂದ ನಿಂತನೀರಿನ ಪದ್ಧತಿಯನ್ನು ನಾನು ಮನೆಗಳಿಗೆ ಮೊದಲು ಸೂಚಿಸುತ್ತೇನೆ. ಅಗಲವಾದ ಟಬ್ಬು, ಅದರ ಮೇಲೆ ತೂತು ಮಾಡಿದ ಹಲಗೆ ಅಥವಾ ಥರ್ಮೋಕೋಲ್ ಮುಚ್ಚಳ, ತೂತಿನಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಸಣ್ಣ ಜಾಲರಿ ಬಟ್ಟಲು, ಅದರಲ್ಲಿ ಸಸಿ. ಮೊದಲಿಗೆ ದ್ರಾವಣ ಬಟ್ಟಲಿನ ತಳವನ್ನು ಮುಟ್ಟುವಷ್ಟಿರಬೇಕು. ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ, ಮುಚ್ಚಳಕ್ಕೂ ನೀರಿಗೂ ನಡುವೆ ಗಾಳಿಯ ಅಂತರ ಏರ್ಪಡುತ್ತದೆ, ಆ ಅಂತರದಲ್ಲಿರುವ ಬೇರುಗಳು ಉಸಿರಾಡುತ್ತವೆ, ಕೆಳಗಿನವು ನೀರು ಕುಡಿಯುತ್ತವೆ. ಹೊಸಬರು ಪ್ರೀತಿಯಿಂದ ಟಬ್ಬನ್ನು ಪುನಃ ಅಂಚಿನವರೆಗೆ ತುಂಬಿ ಗಿಡವನ್ನು ಉಸಿರುಕಟ್ಟಿಸಿ ಕೊಲ್ಲುತ್ತಾರೆ. ಅರ್ಧಕ್ಕಿಂತ ಮೇಲೆ ತುಂಬಬಾರದು. ತೆಂಗಿನ ನಾರಿನ ಪುಡಿಯನ್ನು ಉಪ್ಪಿನಂಶ ಹೋಗುವಂತೆ ಚೆನ್ನಾಗಿ ತೊಳೆದೇ ಬಳಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕಳಿಸಿದ ಪುಡಿಯನ್ನೇ ಅರ್ಕಾ ಹೆಸರಿನಲ್ಲಿ ರೂಪಿಸಿದೆ.

ಗೊಬ್ಬರದ ವಿಷಯದಲ್ಲಿ ನಮ್ಮ ಬಳಗಕ್ಕೆ ಅಪ್ರಿಯವಾದ ಮಾತೊಂದನ್ನು ಹೇಳಬೇಕಾಗಿದೆ. ಟಬ್ಬಿನ ನೀರಿಗೆ ಜೀವಾಮೃತವನ್ನೋ ಗಂಜಲವನ್ನೋ ಸುರಿಯಬೇಡಿ. ಮಣ್ಣಿನಲ್ಲಿ ಅವನ್ನು ಅರಗಿಸುವ ಕೋಟ್ಯಂತರ ಜೀವಿಗಳಿವೆ. ನಿಂತ ನೀರಿನಲ್ಲಿ ಅವು ಕೊಳೆತು, ಇದ್ದ ಆಮ್ಲಜನಕವನ್ನೆಲ್ಲ ತಿಂದು ಬೇರನ್ನು ಸಾಯಿಸುತ್ತವೆ. ಇಲ್ಲಿ ಬೇಕಾದದ್ದು ನೀರಿನಲ್ಲಿ ಪೂರ್ತಿ ಕರಗುವ ಲವಣಗಳು: ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ, ಗಂಧಕ, ಅವುಗಳ ಜೊತೆಗೆ ಕಬ್ಬಿಣ, ಸತು, ಬೋರಾನ್ ಮೊದಲಾದ ಲಘು ಪೋಷಕಗಳು. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಸೀಸೆಯಲ್ಲಿಡಬೇಕು. ಗಟ್ಟಿ ದ್ರಾವಣದಲ್ಲಿ ಅದು ಸಲ್ಫೇಟು, ಫಾಸ್ಫೇಟುಗಳ ಜೊತೆ ಸೇರಿದರೆ ಸುಣ್ಣದ ಗಸಿಯಾಗಿ ತಳಕ್ಕೆ ಕೂರುತ್ತದೆ. ಲೀಟರಿಗೆ ಒಂದು ಗ್ರಾಂ ಎಂದರೂ ವರ್ಷಕ್ಕೆ ಏಳು ಕಿಲೋ ರಾಸಾಯನಿಕ ಲವಣ. ಇದನ್ನು ಸಾವಯವ ಎಂದು ಕರೆದು ಮಾರುವವರನ್ನು ನಂಬಬೇಡಿ. ಹಳೆಯ ದ್ರಾವಣವನ್ನು ಚರಂಡಿಗೂ ಹಳ್ಳಕ್ಕೂ ಚೆಲ್ಲದೆ ಬಾಳೆಯ ಬುಡಕ್ಕೆ, ಪಪಾಯದ ಬುಡಕ್ಕೆ ಹಾಕಬೇಕು. ಹಿತ್ತಿಲಲ್ಲಿ ಮಣ್ಣೂ ನೀರೂ ಇರುವವರಿಗೆ ಈ ಬೇಸಾಯವನ್ನು ನಾನು ಸೂಚಿಸುವುದೇ ಇಲ್ಲ. ಮಣ್ಣೇ ಒಳ್ಳೆಯದು.

ಕೋಲಾರದ ತಾರಸಿಯಲ್ಲಿ ಗಿಡವನ್ನು ಕೊಲ್ಲುವುದು ಹೆಚ್ಚಾಗಿ ಬಿಸಿನೀರು. ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 35 ಡಿಗ್ರಿಯಲ್ಲಿ 7 ಮಿಲಿಗ್ರಾಂ ಮಾತ್ರ. ಬೇರಿನ ಉಸಿರಾಟ ಮಾತ್ರ ಬಿಸಿಯಲ್ಲಿ ಹೆಚ್ಚುತ್ತದೆ, ಬೇರುಕೊಳೆಯ ಶಿಲೀಂಧ್ರವೂ ಹೆಚ್ಚುತ್ತದೆ. ಕಪ್ಪು ಟಬ್ಬಿಗೆ ಹೊರಗಿನಿಂದ ಸುಣ್ಣ ಬಳಿಯಿರಿ, ಒದ್ದೆ ಗೋಣಿತಾಟು ಸುತ್ತಿರಿ, ಬೇಸಗೆಯಲ್ಲಿ ಅರ್ಧ ಬಿಸಿಲು ತಡೆಯುವ ನೆರಳುಬಲೆ ಕಟ್ಟಿರಿ. ಬೆಳಕು ಒಳಗೆ ಹೋದರೆ ಪಾಚಿ, ಸಂದು ಬಿಟ್ಟರೆ ಸೊಳ್ಳೆ. ಸೊಪ್ಪು ಬೆಳೆಯಲು ಹೋಗಿ ಬೀದಿಗೆಲ್ಲ ಡೆಂಗಿ ಹಂಚಬಾರದು.

ಈಗ ಸೌರಶಕ್ತಿಗೆ ಬರೋಣ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ನೂರೈವತ್ತು ಕಿಲೋಮೀಟರಿಗೆ ಸಮೀಪದ ದೂರವನ್ನು ತಂತಿಯಲ್ಲಿ ದಾಟಿ ಕೋಲಾರದ ಚಿನ್ನದ ಗಣಿಗೆ ಬಂದು ಸೇರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ. ಗಣಿಯ ಸುತ್ತಮುತ್ತಣ ಹಳ್ಳಿಗಳು ಆಮೇಲೂ ಬಹುಕಾಲ ಬುಡ್ಡಿದೀಪದಲ್ಲೇ ಉಳಿದವು. 2001ರಲ್ಲಿ ಗಣಿಯೂ ಮುಚ್ಚಿತು. ವಿದ್ಯುತ್ತು ದುಡಿಮೆಗಾಗಿ ಇರುವುದು, ವಿಶ್ರಾಂತಿಗೆ ಅದನ್ನು ಬಳಸುವುದು ದುಂದು ಎಂಬ ಭಾವನೆ ನಮ್ಮ ಪರಿಸರದ ವೇದಿಕೆಗಳಲ್ಲಿಯೂ ಇದೆ. ಸೌರದೀಪದಲ್ಲಿ ಮಗು ಓದಿದರೆ ಛಾಯಾಚಿತ್ರ ತೆಗೆಯುತ್ತೇವೆ. ಅದೇ ಬ್ಯಾಟರಿಯಲ್ಲಿ ಅದರ ತಾಯಿ ಧಾರಾವಾಹಿ ನೋಡಿದರೆ ಮುಖ ತಿರುಗಿಸುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ದಿನವಿಡೀ ದುಡಿದವರಿಗೆ ಫ್ಯಾನಿನ ಕೆಳಗೆ ಕುಳಿತು ಹಾಡು ಕೇಳುವ ಒಂದು ಗಂಟೆ ಅಗತ್ಯದ ಪಟ್ಟಿಯಲ್ಲೇ ಸೇರಬೇಕು.

ಆ ಗಂಟೆಯ ಬೆಲೆ ಎಷ್ಟೆಂದು ನೋಡಿ. 100 ವ್ಯಾಟಿನ ಒಂದು ಫಲಕ, ಒಂದು ಬ್ಯಾಟರಿ. ಕೋಲಾರದ ಬಿಸಿಲಿನಲ್ಲಿ ನಷ್ಟಗಳೆಲ್ಲ ಕಳೆದು ದಿನಕ್ಕೆ ಸುಮಾರು 325 ವ್ಯಾಟ್‌ಗಂಟೆ ಕೈಗೆ ಸಿಗುತ್ತದೆ, ಎಂದರೆ ಯೂನಿಟಿನ ಮೂರನೆಯ ಒಂದು ಭಾಗ. 5 ವ್ಯಾಟಿನ ಎರಡು ದೀಪಗಳು ನಾಲ್ಕು ಗಂಟೆ ಉರಿದರೆ 40. 30 ವ್ಯಾಟಿನ ಸಣ್ಣ ಟಿ.ವಿ. ಮೂರು ಗಂಟೆಗೆ 90. 25 ವ್ಯಾಟಿನ ಡಿ.ಸಿ. ಫ್ಯಾನು ಆರು ಗಂಟೆಗೆ 150. ಒಟ್ಟು 280. ಉಳಿದದ್ದು 45. ನಿಂತನೀರಿನ ಟಬ್ಬಿಗೆ ವಿದ್ಯುತ್ತೇ ಬೇಡ. ಪೈಪುಗಳಲ್ಲಿ ದ್ರಾವಣ ಹರಿಸುವ ಪದ್ಧತಿ ಬೇಕೆನ್ನುವವರು 15 ವ್ಯಾಟಿನ ಪಂಪನ್ನು ಹಗಲಿನ ಹತ್ತು ಗಂಟೆಗಳಲ್ಲಿ ಗಂಟೆಗೆ ಕಾಲು ಗಂಟೆಯಂತೆ ನಡೆಸಿದರೆ 37 ಸಾಕು. ಮನೆಯ ಬಿಡುವಿನ ಹೊತ್ತು ಸಂಜೆಯದು, ಗಿಡದ ಬಾಯಾರಿಕೆ ಹಗಲಿನದು. ಒಂದೇ ಫಲಕ ಎರಡನ್ನೂ ನಿಭಾಯಿಸುವುದು ಈ ಹೊಂದಾಣಿಕೆಯಿಂದ. ಆದರೆ ಮೀನಿನ ತೊಟ್ಟಿಗೆ ಹಾಕುವಂತಹ 5 ವ್ಯಾಟಿನ ಗಾಳಿಯಂತ್ರವನ್ನು ಹಗಲೂ ರಾತ್ರಿ ಓಡಿಸಿದರೆ 120 ಹೋಗುತ್ತದೆ, ಫ್ಯಾನನ್ನೋ ಟಿ.ವಿ.ಯನ್ನೋ ಬಿಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಫ್ಯಾನನ್ನು ಉಳಿಸಿಕೊಳ್ಳಿ ಎನ್ನುತ್ತೇನೆ.

ಚಾವಣಿಯ ಮೇಲಿನ ದೊಡ್ಡ ಸೌರಘಟಕಗಳಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಡಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಘಟಕ ಲೈನಿನಲ್ಲಿ ವಿದ್ಯುತ್ತು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ನನ ಜೀವ ಉಳಿಸಲು ಅದು ಹಾಗೆಯೇ ನಿಲ್ಲಬೇಕು. ಫಲಕವಿದ್ದೂ ಕತ್ತಲಾಯಿತಲ್ಲ ಎಂದು ಆಮೇಲೆ ಬೇಸರಿಸುವುದಕ್ಕಿಂತ ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ. 2023ರಲ್ಲಿ ಬಂದ ಗೃಹಜ್ಯೋತಿಯಿಂದ 200 ಯೂನಿಟಿನೊಳಗೆ ಬಳಸುವ ಮನೆಗೆ ಬಿಲ್ಲಿನ ಚಿಂತೆಯಿಲ್ಲ, ಹೀಗಾಗಿ ಫಲಕಕ್ಕೆ ಹಣ ಹೂಡುವ ಉತ್ಸಾಹವೂ ಕಡಿಮೆ. ಬಡಮನೆಗೆ ಆದ ಉಪಕಾರವನ್ನು ನಾನು ಹಳಿಯುವುದಿಲ್ಲ. ಸಣ್ಣ ಫಲಕದ ಪ್ರಯೋಜನವನ್ನು ಬಿಲ್ಲಿನ ಉಳಿತಾಯದಲ್ಲಿ ಹುಡುಕದೆ, ಲೈನು ಕೈಕೊಟ್ಟ ಸಂಜೆಯಲ್ಲಿ ಹುಡುಕಬೇಕು ಎನ್ನುತ್ತೇನೆ.

ತಾಯಂದಿರು ಇಲ್ಲಿ ಹೆಚ್ಚು ಸಂಖ್ಯೆಯಲ್ಲಿದ್ದೀರಿ. ಬಿಡುವೆಂದರೆ ಟಿ.ವಿ.ಗೆ ಸಿಕ್ಕ ವಿದ್ಯುತ್ತಲ್ಲ, ಕುಳಿತುಕೊಳ್ಳಲು ಸಿಕ್ಕ ಹೊತ್ತು. ವಿದ್ಯುತ್ತಿದೆ, ಹೊತ್ತೆಲ್ಲಿದೆ ಎಂದು ಕೋಲಾರದ ಯಾವ ಗೃಹಿಣಿಯಾದರೂ ಕೇಳಿಯಾಳು. ನಲ್ಲಿಯಲ್ಲಿ ನೀರು ಯಾವ ಜಾವಕ್ಕೆ ಬರುತ್ತದೆಂದು ಕಾಯುವವಳು ಅವಳು, ಟ್ಯಾಂಕರಿನ ಹಿಂದೆ ಬಿಂದಿಗೆ ಸಾಲಿಡುವವಳು ಅವಳು, ಹಾಲು ಕರೆದು ಡೈರಿಗೆ ಹಾಕುವವಳು ಅವಳು. ಇವುಗಳ ಮೇಲೆ ದಿನಾ ರಸಸಾರ ಅಳೆ, ದ್ರಾವಣ ಬೆರೆಸು, ಪಂಪಿನ ಜಾಲರಿ ತೊಳೆ ಎಂಬ ಕೆಲಸ ಸೇರಿದರೆ ಆ ಸೊಪ್ಪು ಅವಳಿಗೆ ದುಬಾರಿಯಾಗುತ್ತದೆ. ತಾರಸಿಗೆ 20 ಲೀಟರ್ ಹೊತ್ತು ಹತ್ತುವುದು ದಿನಕ್ಕೆ ಎರಡು ಬಿಂದಿಗೆಯ ಮೆಟ್ಟಿಲು. ಆದ್ದರಿಂದ ಮಳೆನೀರಿನ ತೊಟ್ಟಿ ಟಬ್ಬಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು, ನೀರು ತಾನಾಗಿ ಇಳಿಯಬೇಕು, ಅಳತೆಯ ಕೆಲಸ ವಾರಕ್ಕೊಮ್ಮೆ ಮುಗಿಯಬೇಕು. ಅದನ್ನು ಮನೆಯ ಗಂಡಸೋ ಕಾಲೇಜಿಗೆ ಹೋಗುವ ಮಗನೋ ಮಾಡಬೇಕು. ಈ ಷರತ್ತನ್ನು ಯಾವ ಕೈಪಿಡಿಯಲ್ಲಿಯೂ ಬರೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೆ ಕೋಲಾರದ ನೀರಿನ ಬವಣೆ ತೀರುತ್ತದೆಯೇ? ಇಲ್ಲ. ರಾಗಿ, ಮಾವು, ಹಸುವಿನ ಮೇವು ಟಬ್ಬಿನಲ್ಲಿ ಬೆಳೆಯುವುದಿಲ್ಲ. ಟೊಮೆಟೊ ಬೆಳೆಯಬಹುದು, ಆದರೆ ಮಂಡಿಯ ಬೆಲೆಯಲ್ಲಿ ಅಸಲೂ ಹುಟ್ಟುವುದಿಲ್ಲ. ತಾರಸಿಯ ಟಬ್ಬನ್ನು ತೋರಿಸಿ ‘ನೋಡಿ, ಅವರಿಗೆ ನಮ್ಮ ಹೊಳೆ ಬೇಕಾಗಿಯೇ ಇಲ್ಲ’ ಎಂದು ನಾವು ವಾದಿಸಿದರೆ ಅದು ಅಪ್ರಾಮಾಣಿಕ ವಾದ. ಕೆರೆಯ ಹೂಳು, ಕಾಲುವೆಯ ಒತ್ತುವರಿ, ಚಾವಣಿಯ ಮಳೆ, ಬೆಳೆಯ ಆಯ್ಕೆ ಇವುಗಳ ಲೆಕ್ಕ ಮೊದಲು ಆಗಲಿ ಎಂದು ಕೇಳುವ ಹಕ್ಕು ನಮಗಿದೆ. ಹಾಗೆ ಕೇಳುವವರು ನಮ್ಮ ಸಂತೆಯ ಚೀಲದ ಲೆಕ್ಕವನ್ನೂ ಮುಂದಿಡಬೇಕು.

ಅದಕ್ಕಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಮನೆಗೆ ಸಂತೆಯಿಂದ ಬಂದ ಟೊಮೆಟೊ, ಸೊಪ್ಪು, ಕೋಸುಗಳ ತೂಕವನ್ನು ವಾರವಾರವೂ ಬರೆದಿಡಿ, ಅವು ಯಾವ ಊರಿನವೆಂದು ವ್ಯಾಪಾರಿಯನ್ನು ಕೇಳಿ ಬರೆಯಿರಿ. ಅದೇ ತಿಂಗಳುಗಳಲ್ಲಿ ಮಳೆ ಬೀಳದ ಸೂರಿನಂಚಿನಲ್ಲಿ ಒಂದು ಟಬ್ಬಿನಲ್ಲಿ ಪಾಲಕ್ ಇಟ್ಟು ನೋಡಿ. ನಮ್ಮಲ್ಲಿ ನೀರಿಗೆ ಬರವಿಲ್ಲ, ಬೆಳಕಿಗೆ ಬರ. ಮೋಡದ ದಿನಗಳಲ್ಲಿ ಫಲಕವೂ ಸೊಪ್ಪೂ ಒಟ್ಟಿಗೆ ಸೊರಗುತ್ತವೆ, ಸಸಿ ಬೆಳಕಿಗಾಗಿ ಕತ್ತು ನೀಳ ಮಾಡುತ್ತದೆ. ಎಷ್ಟು ದಿನಕ್ಕೆ ಎಷ್ಟು ಗ್ರಾಂ ಬಂತು, ಎಷ್ಟು ಲೀಟರ್ ತುಂಬಿದಿರಿ ಎಂಬುದನ್ನು ಪುಸ್ತಕದ ಒಂದು ಪುಟದಲ್ಲಿ ಬರೆದು ತನ್ನಿ. ಟಬ್ಬು ಸೋತರೂ ತನ್ನಿ, ಸೋತದ್ದೂ ಅಂಕಿಯೇ. ಕೋಲಾರದ ತಮಕದಲ್ಲಿ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ನಿಮ್ಮ ಪುಟಗಳು ಬಂದ ಮೇಲೆ ಅಲ್ಲಿನ ವಿದ್ಯಾರ್ಥಿಗಳಿಗೆ ಪತ್ರ ಬರೆದು, ಅವರ ಕಡೆಯ ಅಂಕಿಗಳನ್ನೂ ಕೇಳೋಣ. ಅಕ್ಟೋಬರಿನಲ್ಲಿ ನಾನು ಮತ್ತೆ ಬರುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ.